ಕುಡುಗೋಲು ಮುಟ್ಟಿ ಹೇಳಿದ ಮಾತು

ರಾಮಯ್ಯ ಮೇಷ್ಟ್ರಿಗೆ ರಜಾ ಬಂತು ಅಂದರೆ ನಮ್ಮ ವಠಾರಕ್ಕೆ ಗ್ರಹಚಾರ ಬಂತು ಅಂತಲೇ ಅರ್ಥ. ವರ್ಷವೆಲ್ಲ ಸ್ಕೂಲಿನಲ್ಲಿ ಮಕ್ಕಳ ತಲೆ ತಿಂದದ್ದು ಸಾಲದೆ ದಸರಾ ರಜದಲ್ಲೂ ಅವರ ಮನೆ ಜಗಲಿಯ ಮೇಲೆ ಪಾಠ ನಡೆಯುತ್ತಿತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ಮೇಷ್ಟ್ರ ಬಾಯಲ್ಲಿ ದಿನಕ್ಕೊಂದು ಹೊಸ ಮಾತು. ಆ ವರ್ಷದ ಮಾತು 'ಶ್ರಮಗೌರವ'. ನಲ್ಲಿಯ ಹತ್ತಿರ ಬಿಂದಿಗೆ ಎತ್ತಿಕೊಡಿ ಅಂದರೆ ಸೊಂಟ ಹಿಡಿದುಕೊಳ್ಳುವ ಮನುಷ್ಯ, ಶ್ರಮಗೌರವದ ಬಗ್ಗೆ ಮಾತಾಡಲು ನಿಂತರೆ ಕೂರುತ್ತಲೇ ಇರಲಿಲ್ಲ.

ವಠಾರ ಇದ್ದದ್ದು ಚಾಮರಾಜಪುರಂನಲ್ಲಿ, ರೈಲು ಹಳಿಯ ಈಚೆ. ನಡುವೆ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ಎರಡೂ ಕಡೆ ಹೆಂಚಿನ ಸಾಲು ಮನೆಗಳು. ನನ್ನ ಮನೆ ನಲ್ಲಿಯ ಎದುರಿಗೇ ಇತ್ತು. ಯಾರ ಮನೆಯಲ್ಲಿ ಏನು ನಡೆದರೂ ನನಗೆ ಗೊತ್ತಾಗುತ್ತಿತ್ತು. ಕದ್ದು ನೋಡುವ ಚಾಳಿ ನನಗಿಲ್ಲ, ಆದರೆ ಕಣ್ಣೆದುರಿಗೆ ನಡೆದದ್ದಕ್ಕೆ ಕಣ್ಣು ಮುಚ್ಚಿಕೊಂಡು ಕೂರಲೇನು? ಗಂಡ ಹೋದ ಮೇಲೆ ನಾನು ಹಪ್ಪಳ ಲಟ್ಟಿಸಿ ಅಂಗಡಿಗಳಿಗೆ ಹಾಕುತ್ತಿದ್ದೆ. ಮಕ್ಕಳಿರಲಿಲ್ಲ. ಬೇಕು ಅನ್ನಿಸಿತ್ತು, ಆಗಲಿಲ್ಲ. ಅದಿರಲಿ.

ಮೇಷ್ಟ್ರು ಆ ಸಲ ಯೋಚಿಸಿದ್ದು ಹೀಗೆ. ಆಯುಧಪೂಜೆಯ ದಿನ ಹೇಗೂ ಮನೆ ಮನೆಯಲ್ಲಿ ಕಸುಬಿನ ಸಾಮಾನು ತೊಳೆದು, ಅರಿಸಿನ ಕುಂಕುಮ ಹಚ್ಚಿ ಇಡುತ್ತಾರೆ. ಪೂಜೆ ಕದಲಿಸುವ ತನಕ ಅವನ್ನು ಯಾರೂ ಮುಟ್ಟಿ ಕೆಲಸ ಮಾಡುವುದಿಲ್ಲ. ಈ ಸಲ ವಠಾರದ ಮಕ್ಕಳೆಲ್ಲ ತಂತಮ್ಮ ಮನೆಯ ಒಂದೊಂದು ಸಾಮಾನು ತಂದು ಮೇಷ್ಟ್ರ ಜಗಲಿಯ ಮೇಲೆ ಇಡಬೇಕು. ಒಬ್ಬೊಬ್ಬರೂ ಅದರ ಮೇಲೆ ಕೈಯಿಟ್ಟು, ಇದರಿಂದ ನಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ ಅಂತ ನಿಜ ಹೇಳಬೇಕು. ಸುಳ್ಳು ಹೇಳಿದರೆ ಚಾಮುಂಡಿ ನೋಡಿಕೊಳ್ಳುತ್ತಾಳೆ. ಕೊನೆಯ ಮಾತು ಮೇಷ್ಟ್ರೇ ಸೇರಿಸಿದ್ದು.

ನನ್ನ ಹತ್ತಿರವೂ ಬಂದರು.

"ಅಂಬುಜಮ್ಮನೋರೇ, ನಿಮ್ಮ ಲಟ್ಟಣಿಗೆ ಕೊಡಿ."

"ಕೊಡ್ತೀನಿ. ಆದ್ರೆ ಮೇಷ್ಟ್ರೇ, ಮಕ್ಕಳ ಬಾಯಲ್ಲಿ ಮನೆ ವಿಚಾರ ಹೊರಗೆಳೀಬೇಡಿ. ಬೇಕಿತ್ತಾ ನಿಮಗೆ ಈ ಉಸಾಬರಿ?"

"ಇದರಲ್ಲಿ ಮುಚ್ಚಿಡೋದೇನಿದೆ ಕಣ್ರೀ? ಎಲ್ಲಾ ಕೆಲಸಾನೂ ಒಂದೇ," ಅಂದರು.

ಎಲ್ಲಾ ಕೆಲಸವೂ ಒಂದೇ ಅಲ್ಲ. ಅದು ನನಗೆ ಗೊತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ನಲ್ಲಿಯ ಎಡಗಡೆ ಮನೆಯಲ್ಲಿ ಭಾಗ್ಯಮ್ಮ ಇದ್ದಳು. ಗಂಡ ಮರಿಯಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. ಭಾಗ್ಯಮ್ಮನಿಗೆ ಮಕ್ಕಳಾಗುತ್ತಿದ್ದವು, ಉಳಿಯುತ್ತಿರಲಿಲ್ಲ. ಒಂದು ಹುಟ್ಟುತ್ತಲೇ ಹೋಯಿತು, ಇನ್ನೊಂದು ಹಲ್ಲು ಮೂಡುವಾಗ ಹೋಯಿತು, ಆಮೇಲಿನದು ನಿಲ್ಲಲೇ ಇಲ್ಲ. ಹುಟ್ಟಿದ ಮಕ್ಕಳು ದಕ್ಕದ ಮನೆಗಳಲ್ಲಿ ನಮ್ಮ ಕಡೆ ಒಂದು ಪದ್ಧತಿ ಉಂಟು. ಮಗುವನ್ನು ಮೊರದಲ್ಲಿ ಮಲಗಿಸಿ ಬೇರೆಯವರಿಗೆ ಕೊಟ್ಟಂತೆ ಮಾಡಿ, ಒಂದಿಷ್ಟು ತೌಡು ಕೊಟ್ಟು ವಾಪಸು ಕೊಂಡುಕೊಳ್ಳುವುದು. ಹುಚ್ಚ, ತಿಪ್ಪ ಅಂತ ಹೆಸರಿಡುವುದು. ಯಾರಿಗೂ ಬೇಡದ್ದು ಇದು ಅಂತ ಸಾವು ತಿರುಗಿ ನೋಡದೆ ಹೋಗಲಿ ಅಂತ. ಭಾಗ್ಯಮ್ಮ ಕೆಲವು ತಿಂಗಳು ತೌರಿಗೆ ಹೋಗಿ ಬಂದಳು, ಬಂದ ಮಾರನೆಯ ದಿನ ವಠಾರಕ್ಕೆಲ್ಲ ಕೂಸು ತೋರಿಸಿದಳು. ಹೆತ್ತದ್ದನ್ನೇ ತೌಡು ಕೊಟ್ಟು ಕೊಂಡೆ, ಹುಚ್ಚಣ್ಣ ಅಂತ ಹೆಸರಿಟ್ಟೆ ಅಂದಳು. ವಠಾರ ನಂಬಿತು, ಇಲ್ಲವೇ ನಂಬಿದ ಹಾಗೆ ಇತ್ತು.

ನಾನು ನಂಬಲಿಲ್ಲ. ಅವಳು ತೌರಿನಿಂದ ಬಂದ ದಿನ ಮಧ್ಯಾಹ್ನ ವಠಾರವೆಲ್ಲ ಉಂಡು ಮಲಗಿತ್ತು. ನಾನು ಹಪ್ಪಳ ಒಣಹಾಕುತ್ತಿದ್ದೆ. ಸೂಲಗಿತ್ತಿ ಪುಟ್ಟತಾಯಮ್ಮ ಒಂದು ಮೊರ ಹಿಡಿದು, ಅದರ ಮೇಲೆ ಸೆರಗು ಮುಚ್ಚಿಕೊಂಡು ಭಾಗ್ಯಮ್ಮನ ಮನೆಯೊಳಕ್ಕೆ ಹೋದಳು. ಬರುವಾಗ ಮೊರ ಇರಲಿಲ್ಲ. ಒಳಗೆ ಕೂಸು ಅತ್ತಿತು. ಪುಟ್ಟತಾಯಮ್ಮ ನನ್ನ ಮುಖ ನೋಡಿದಳು. ನಾನು ಹಪ್ಪಳ ನೋಡಿದೆ. ಹೆತ್ತ ಹುಡುಗಿ ಯಾರು, ಅವಳಿಗೇನು ಕಷ್ಟ ಬಂದಿತ್ತು, ಆಮೇಲೆ ಎಲ್ಲಿಗೆ ಹೋದಳು, ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಪುಟ್ಟತಾಯಮ್ಮ ಬೋಗಾದಿಯ ಕಡೆಯ ಒಕ್ಕಲಿನವಳು. ಗದ್ದೆಯಲ್ಲಿ ಕೆಲಸ ಸಾಲದೆ ಮಗ ಪೇಟೆಗೆ ಬಂದ, ಅವನ ಹಿಂದೆ ಇವಳೂ ಬಂದು ನಮ್ಮ ವಠಾರದಲ್ಲೇ ಇದ್ದಳು. ಅವಳ ಅವ್ವ ಕೊಟ್ಟ ಸಣ್ಣ ಕುಡುಗೋಲು ಒಂದಿತ್ತು. ಅದನ್ನು ಕುದಿಯುವ ನೀರಿಗೆ ಹಾಕಿ, ಅದರಲ್ಲೇ ಕೂಸಿನ ಹೊಕ್ಕುಳಬಳ್ಳಿ ಕುಯ್ಯುತ್ತಿದ್ದಳು. ಅವಳು ಮೀರದ ಕಟ್ಟು ಎರಡಿದ್ದವು. ಒಂದು, ಹುಟ್ಟಿನ ವಿಚಾರದಲ್ಲಿ ಸುಳ್ಳು ಹೇಳುವುದಿಲ್ಲ. ಒಂದು ಮನೆಯಲ್ಲಿ ಹೆಣ್ಣು ಹುಟ್ಟಿತು, ಹೊರಗಡೆ ಕೂತ ಅಪ್ಪನಿಗೆ ಸದ್ಯಕ್ಕೆ ಗಂಡು ಅಂತ ಹೇಳು, ಸಮಾಧಾನವಾಗಿ ಉಣ್ಣಲಿ ಅಂತ ಅತ್ತೆ ಅಂದಳಂತೆ. "ಕುಡುಗೋಲು ಹಿಡಿದ ಕೈ ಕಣಮ್ಮ ಇದು. ಸುಳ್ಳು ಹೇಳಿದ್ರೆ ಮುಂದಿನ ಬಾಣಂತಿಗೆ ಕೇಡು," ಅಂತ ಹೇಳಿ, ಬಾಗಿಲಿಗೆ ಬಂದು ಹೆಣ್ಣು ಅಂತ ಕೂಗಿದಳು. ಇನ್ನೊಂದು ಕಟ್ಟು, ಮೊರದ್ದು. ಹನ್ನೊಂದನೆಯ ದಿನ ಬಾಣಂತಿ ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ ಇಟ್ಟು ಕೊಡುತ್ತಾಳೆ. ಪುಟ್ಟತಾಯಮ್ಮ ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ಬಾಣಂತಿಯ ಮಡಿಲಿಗೆ ಹಾಕುತ್ತಿದ್ದಳು. ಆ ಅಕ್ಕಿಯನ್ನು ಹೆತ್ತವಳು ತಾನೇ ಬೇಯಿಸಿ ಉಣ್ಣಬೇಕು, ಬೇರೆ ಯಾರೂ ಮುಟ್ಟಬಾರದು. ಹೆತ್ತವಳ ಕೈಯಿಂದಲ್ಲದೆ ಪುಟ್ಟತಾಯಮ್ಮ ಮೊರ ತೆಗೆದುಕೊಳ್ಳುತ್ತಿರಲಿಲ್ಲ.

ಹುಚ್ಚಣ್ಣನನ್ನು ತಂದುಕೊಟ್ಟ ಮೇಲೆ ಭಾಗ್ಯಮ್ಮ ಒಂದು ದಿನ ಮೊರ ತುಂಬಿಕೊಂಡು ಅವಳ ಮನೆಗೆ ಹೋಗಿದ್ದಳು. ಪುಟ್ಟತಾಯಮ್ಮ ತೆಗೆದುಕೊಳ್ಳಲಿಲ್ಲ. "ನೀನು ಹೆತ್ತಿಲ್ವಲ್ಲವ್ವ. ನಾನೆಂಗೆ ಈಸ್ಕೊಳ್ಳಲಿ? ಬ್ಯಾಡ, ವಾಪಸು ತಕ್ಕೊಂಡೋಗು," ಅಂದಳು. ಭಾಗ್ಯಮ್ಮ ಮೊರ ಹೊತ್ತುಕೊಂಡು ವಾಪಸು ಬಂದು ನನ್ನ ಅಡಿಗೆಮನೆಯಲ್ಲಿ ಕೂತು ಅತ್ತಳು. ನನಗೆ ಪುಟ್ಟತಾಯಮ್ಮನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಒಂದು ಮೊರ ಅಕ್ಕಿ ತೆಗೆದುಕೊಂಡರೆ ಇವಳ ಗಂಟೇನು ಹೋಗುತ್ತಿತ್ತು ಅಂದುಕೊಂಡೆ. ಅವತ್ತಿನಿಂದ ಭಾಗ್ಯಮ್ಮನಿಗೆ ಒಂದೇ ಹೆದರಿಕೆ. "ಯಾವತ್ತಾದ್ರೂ ಹುಚ್ಚಣ್ಣ ಹೋಗಿ ಅವಳನ್ನೇ ಕೇಳಿಬುಟ್ರೆ? ಅವಳು ಸುಳ್ಳು ಹೇಳೋಳಲ್ಲ ಕಣಕ್ಕ. ನನ್ನ ಮಗ ನನ್ನ ಕೈ ಬುಟ್ಟೋಯ್ತಾನೆ," ಅನ್ನುತ್ತಿದ್ದಳು. ನಾನು ಸುಮ್ಮನಿರು ಅಂತ ಗದರುತ್ತಿದ್ದೆ. ಬೇರೆ ಏನು ಹೇಳಲಿ?

ಆಯುಧಪೂಜೆಯ ಬೆಳಿಗ್ಗೆ ಮೇಷ್ಟ್ರ ಜಗಲಿ ಸಂತೆಯಾಯಿತು. ಸೇವಂತಿಗೆ ಹಾರ, ಬೂದುಗುಂಬಳಕಾಯಿ, ಊದುಬತ್ತಿ, ಅದರ ನಡುವೆ ವಠಾರದ ಅಷ್ಟೂ ಕಸುಬು. ಮೇಷ್ಟ್ರು ತಮ್ಮದು ಅಂತ ಸೀಮೆಸುಣ್ಣ ಇಟ್ಟಿದ್ದರು. ನ್ಯಾಯವಾಗಿ ಬೆತ್ತ ಇಡಬೇಕಿತ್ತು.

ದರ್ಜಿಯ ಮಗ ಬಸವರಾಜು ಮೊದಲು ನಿಂತ. ಕತ್ತರಿಯ ಮೇಲೆ ಕೈಯಿಟ್ಟ.

"ನಮ್ಮಪ್ಪ ಬಟ್ಟೆ ಕತ್ತರಿಸ್ತಾರೆ ಸಾರ್."

"ಕತ್ತರಿಸಿ?"

"ಇಟ್ಕೋತಾರೆ. ಹಬ್ಬ ಮುಗಿದ ಮೇಲೆ ಹೊಲೀತಾರೆ. ಆಮೇಲೆ ಬೈಸ್ಕೋತಾರೆ."

ನಿಜ ಹೇಳು ಅಂದದ್ದಕ್ಕೆ ಹುಡುಗ ನಿಜವನ್ನೇ ಹೇಳಿದ. ನಗದವರಿಲ್ಲ.

ಹುಚ್ಚಣ್ಣ ಸ್ಪ್ಯಾನರ್ ಮೇಲೆ ಎರಡೂ ಕೈ ಇಟ್ಟ. ಮರಿಯಯ್ಯನ ಹಾಗೆಯೇ ಕಾಲಗಲಿಸಿ ನಿಂತಿದ್ದ, ಮಾತು ಮಾತ್ರ ಭಾಗ್ಯಮ್ಮನದು, ನಿಧಾನ. "ನಮ್ಮಪ್ಪ ರೈಲು ಬಿಚ್ತಾರೆ. ಆಮೇಲೆ ತಿರುಗಿ ಅದನ್ನೇ ಕಟ್ತಾರೆ. ಒಂದು ನಟ್ಟೂ ಮಿಗಬಾರ್ದು." ಭಾಗ್ಯಮ್ಮ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಕೇಳುತ್ತಿದ್ದಳು. ಮುಖ ಅರಳಿತ್ತು.

ಆಮೇಲೆ ಕಮಲ ಬಂದಳು. ಪುಟ್ಟತಾಯಮ್ಮನ ಮೊಮ್ಮಗಳು. ಬಿಳಿ ಬಟ್ಟೆ ಬಿಚ್ಚಿ ಕುಡುಗೋಲು ಇಟ್ಟಳು.

"ನಿಮ್ಮಜ್ಜಿ ಹುಲ್ಲು ಕುಯ್ತಾರಾ?" ಅಂದ ಬಸವರಾಜು.

"ಅಲ್ಲ. ನಮ್ಮಜ್ಜಿ ಮಕ್ಕಳನ್ನ ತರ್ತಾರೆ."

"ಎಲ್ಲಿಂದ?"

ಕಮಲನಿಗೆ ಗೊತ್ತಿಲ್ಲ. ಅವಳು ಮೇಷ್ಟ್ರ ಮುಖ ನೋಡಿದಳು. ಮಕ್ಕಳೆಲ್ಲ ಮೇಷ್ಟ್ರ ಮುಖ ನೋಡಿದರು. ಶ್ರಮಗೌರವದ ಮೇಷ್ಟ್ರಿಗೆ ಕೆಮ್ಮು ಬಂತು. "ಅದು... ಸೇವೆ. ಒಂದು ರೀತಿಯಲ್ಲಿ ದೊಡ್ಡ ಸಮಾಜಸೇವೆ. ಆಯ್ತು, ಮುಂದೆ ಯಾರು?" ಅಂದರು. ಬಾಣಂತಿತನದ ಮಾತು ಮಕ್ಕಳ ಮುಂದೆ ಆಡುವುದುಂಟೇ? ಅಷ್ಟು ಹೊತ್ತು ಎಲ್ಲಾ ಕೆಲಸವೂ ಒಂದೇ ಆಗಿತ್ತು, ಈಗ ಒಂದು ಕೆಲಸ ಬಾಯಲ್ಲಿ ಹೇಳಲಾಗದ್ದಾಯಿತು. ಕಮಲ ಅಳುವುದಕ್ಕೆ ಶುರು ಮಾಡಿದಳು. ತನ್ನ ಅಜ್ಜಿಯದು ಏನೋ ಹೇಸಿಗೆ ಕೆಲಸ ಇರಬೇಕು ಅಂತ ಹುಡುಗಿಗೆ ಅನ್ನಿಸಿಬಿಟ್ಟಿತು.

"ನಂಗೊತ್ತು," ಅಂದ ಬಸವರಾಜು. "ಬೇರೆಯೋರ ಕೂಸು ತಂದು ತೌಡಿಗೆ ಕೊಡ್ತಾರೆ. ಹುಚ್ಚಣ್ಣನ್ನ ಅಂಗೇ ಕೊಂಡ್ಕೊಂಡಿದ್ದು. ನಮ್ಮಜ್ಜಿ ಹೇಳ್ತು. ಅವನು ಭಾಗ್ಯಮ್ಮನೋರಿಗೆ ಹುಟ್ಟಿಲ್ಲ. ನಾವೆಲ್ಲ ಹುಟ್ಟಿದೋರು."

ಅಯ್ಯೋ ನಿನ್ನ ನಾಲಗೆಗೆ ಬೆಂಕಿ ಬೀಳ! ಹುಡುಗನನ್ನು ಅನ್ನಲಿಲ್ಲ ನಾನು, ಅವನ ಅಜ್ಜಿಯನ್ನು ಅಂದುಕೊಂಡೆ. ಭಾಗ್ಯಮ್ಮನ ಬಿಂದಿಗೆ ತುಂಬಿ ಚೆಲ್ಲುತ್ತಿತ್ತು, ಅವಳು ನಲ್ಲಿ ನಿಲ್ಲಿಸಲಿಲ್ಲ. "ಸಾಕು ಮಾಡ್ರೀ ಮೇಷ್ಟ್ರೇ, ಕುಂಬಳಕಾಯಿ ಒಡೀರಿ," ಅಂತ ನಾನು ಕೂಗಿದೆ. ಮೇಷ್ಟ್ರು ಕುಂಬಳಕಾಯಿ ಎಲ್ಲಿದೆ ಅಂತ ಹುಡುಕುತ್ತಿದ್ದರು. ಅದು ಅವರ ಕಾಲ ಬುಡದಲ್ಲೇ ಇತ್ತು.

ಹುಚ್ಚಣ್ಣ ಅಳಲಿಲ್ಲ. ಸೀದಾ ಅಂಗಳ ದಾಟಿದ. ಕುಡುಗೋಲು ಪೂಜೆಗೆ ಕೂತಿದ್ದರಿಂದ ಪುಟ್ಟತಾಯಮ್ಮ ತನ್ನ ಮನೆಯ ಹೊಸಲಿನ ಮೇಲೆ, ಇವತ್ತು ಯಾರಿಗೂ ಹೆರಿಗೆ ನೋವು ಬರದಿರಲಿ ಅಂದುಕೊಂಡು ಬಿಸಿಲು ಕಾಯಿಸುತ್ತಾ ಕೂತಿದ್ದಳು. ಹುಡುಗ ಅವಳ ಕೈ ಹಿಡಿದು ಎಳೆದ. "ಅಜ್ಜಿ, ಬಾ. ನೀನೇ ಹೇಳು. ಕುಡುಗೋಲು ಮುಟ್ಟಿ ಹೇಳು."

ಅವಳು ಎದ್ದಳು. ಇವಳು ಹೆಣ್ಣು ಹುಟ್ಟಿದರೆ ಹೆಣ್ಣು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುವ ಹೆಂಗಸು. ಹೋಗಿ ಬಾಯಿ ಮುಚ್ಚೋಣ ಅನ್ನಿಸಿತು. ಅಷ್ಟರಲ್ಲಿ ಅವಳು ಜಗಲಿ ತಲುಪಿದ್ದಳು.

ಪುಟ್ಟತಾಯಮ್ಮ ಜಗಲಿಯ ಮೇಲೆ ಕೂತಳು. ಮೊದಲು ಕಮಲನ ಮೂಗು ಒರೆಸಿದಳು. ಆಮೇಲೆ ಮಕ್ಕಳನ್ನು ನೋಡಿದಳು.

"ನನ್ನ ಕೆಲಸ ಏನು ಅಂತ ಕೇಳಿದ್ರಾ? ಯೋಳ್ತೀನಿ, ಕೂತ್ಕಳಿ. ಕೂಸು ಅವ್ವನ ಒಟ್ಟೇಲಿ ಇರ್ತದೆ. ಅಲ್ಲೇ ಬೆಳೀತದೆ. ಜಾಗ ಸಾಲ್ದಂಗಾದಾಗ ಒದೀತದೆ. ಆಗ ಅವರ ಮನೆಯೋರು ಓಡಿ ಬಂದು ನನ್ನ ಕರೀತಾರೆ."

ಮೇಷ್ಟ್ರು ಹಾರದ ಹೂ ಸರಿಮಾಡಲು ಶುರು ಮಾಡಿದರು.

"ಆಮೇಲೆ ಹೆಂಗೆ ಬರತ್ತೆ ಅಜ್ಜಿ?"

"ಅಳ್ತಾ ಬತ್ತದೆ. ನೀವೆಲ್ಲಾ ಅಳ್ತಾನೇ ಬಂದಿದ್ದು. ಈ ಬಸವರಾಜು ಅತ್ತಿದ್ದು ರೈಲ್ವೆ ಸ್ಟೇಶನ್‌ಗೆ ಕೇಳಿಸ್ತು. ಬಂದ್ರೂವೆ ಅವ್ವಂಗೂ ಕೂಸಿಗೂ ನಡುವೆ ಒಂದು ಬಳ್ಳಿ ಇರ್ತದೆ. ಈ ಕುಂಬಳಕಾಯಿ ತೊಟ್ಟು ನೋಡಿ, ಅಂಗೇ. ಅದನ್ನ ಈ ಕುಡುಗೋಲಲ್ಲಿ ಕುಯ್ದು, ಕೂಸನ್ನ ಅವ್ವನಿಂದ ಬ್ಯಾರೆ ಮಾಡ್ತೀನಿ. ತೊಳೀತೀನಿ. ಅದನ್ನ ಸಾಕೋ ಮಡಿಲಿಗೆ ಆಕ್ತೀನಿ. ಇಷ್ಟೇ ಕಣ್ರಪ್ಪ ನನ್ನ ಕೆಲಸ."

ಮಕ್ಕಳು ಕುಡುಗೋಲನ್ನೇ ನೋಡಿದರು. ಒಬ್ಬರೂ ನಗಲಿಲ್ಲ.

"ನನ್ನೂ ಇದ್ರಲ್ಲೇ ಕುಯ್ದಿದ್ದಾ?" ಬಸವರಾಜುವಿನ ದನಿ ಸಣ್ಣದಾಗಿತ್ತು.

"ಇದ್ರಲ್ಲೇ. ನಿಮ್ಮವ್ವನಿಂದ ನಿನ್ನ ಕುಯ್ದು ಬ್ಯಾರೆ ಮಾಡ್ದೆ."

"ನೋವಾಯ್ತಾ?"

"ನಂಗೇನು ಗೊತ್ತು? ನಿನ್ನ ಕೇಳ್ಬೇಕು."

ಹೊಕ್ಕುಳಿನ ಸುದ್ದಿಯನ್ನು ಅವಳು ಎತ್ತಲಿಲ್ಲ. ಮಕ್ಕಳು ಅಂಗಿ ಎತ್ತಿ ನೋಡಿಕೊಂಡಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಬೇಕೆಂದೇ ಬಿಟ್ಟಳೋ, ಮರೆತಳೋ ನಾನು ಹೇಳಲಾರೆ.

ಆಗ ಹುಚ್ಚಣ್ಣ ಅವಳ ಮುಂದೆ ಬಂದು ನಿಂತ.

"ನನ್ನ ಎತ್ಕೊಂಡಿದ್ದೂ ನೀನೇನಾ?"

ಪುಟ್ಟತಾಯಮ್ಮ ಕುಡುಗೋಲಿನ ಮೇಲೆ ಕೈ ಇಟ್ಟಳು. ಬೆರಳಿಗೆ ಕುಂಕುಮ ಮೆತ್ತಿಕೊಂಡಿತು.

"ನಾನೇ ಎತ್ಕಂಡೆ. ನಾನೇ ತೊಳ್ದೆ. ನಾನೇ ತಂದು ಈ ಭಾಗ್ಯನ ಮಡಿಲಿಗೆ ಆಕ್ದೆ."

"ನನ್ನೂ ನಮ್ಮವ್ವನಿಂದ ಕುಯ್ದ್ಯಾ?"

ಭಾಗ್ಯಮ್ಮ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. ಪುಟ್ಟತಾಯಮ್ಮ ಒಂದು ಸಲ ಅವಳ ಕಡೆ ನೋಡಿದಳು, ಆಮೇಲೆ ಹುಡುಗನ ಕಡೆ. ಕೈ ಕುಡುಗೋಲಿನ ಮೇಲೆ ಹಾಗೇ ಇತ್ತು.

"ಇಲ್ಲ ಕಣೋ ಮಗ," ಅಂದಳು. "ಇವರನ್ನೆಲ್ಲಾ ಅವರವರ ಅವ್ವಂದಿರಿಂದ ಕುಯ್ದಿವ್ನಿ. ನಿನ್ನ ಮಾತ್ರ ಈ ನಿಮ್ಮವ್ವನಿಂದ ನಾನು ಕುಯ್ದಿಲ್ಲ. ತಾಯಿ ಚಾಮುಂಡಿ ಆಣೆಗೂ ಕುಯ್ದಿಲ್ಲ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಭಾಗ್ಯಮ್ಮನಿಗೆ ಗೊತ್ತಿತ್ತು. ಹುಚ್ಚಣ್ಣನಿಗೆ ಗೊತ್ತಾದದ್ದು ಬೇರೆ. ಅವನ ಮುಖ ನೋಡಬೇಕಿತ್ತು ನೀವು! ಕಾಲಗಲಿಸಿ ನಿಂತು, ಬಸವರಾಜುವಿನ ಕಡೆ ಬೆರಳು ತೋರಿಸಿ ಕೂಗಿದ: "ನೀವೆಲ್ಲಾ ಕುಯ್ದಿರೋರು! ನನ್ನ ಕುಯ್ದೇ ಇಲ್ಲ! ನಾನು ನಮ್ಮವ್ವನಿಗೆ ಅಂಟ್ಕೊಂಡೇ ಇದೀನಿ!" ಓಡಿಹೋಗಿ ಭಾಗ್ಯಮ್ಮನ ಸೊಂಟ ತಬ್ಬಿಕೊಂಡ. ಬಸವರಾಜು ಗೋಳೋ ಅಂತ ಅಳುತ್ತಾ ಅವರಮ್ಮನ ಹತ್ತಿರ ಓಡಿದ, ನನ್ನ ಯಾಕೆ ಕುಯ್ಯಕ್ಕೆ ಬಿಟ್ಟೆ ಅಂತ ಜಗಳಕ್ಕೆ. ಒಳ್ಳೆಯದಾಯಿತು ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ನಾನೇ ಹೋಗಿ ನಲ್ಲಿ ನಿಲ್ಲಿಸಿದೆ. ಭಾಗ್ಯಮ್ಮ ಮಗನ ಕೈ ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಳಲಿ ಬಿಡು, ಅತ್ತು ಹಗುರಾಗಲಿ ಅಂತ ನಾನು ಹಿಂದೆ ಹೋಗಲಿಲ್ಲ. ಮೇಷ್ಟ್ರು ಕೊನೆಗೂ ಕುಂಬಳಕಾಯಿ ಒಡೆದರು. ಮಂಗಳಾರತಿ ಆಯಿತು. ಮಕ್ಕಳಿಗೆ ಪುರಿ ಕಡಲೆ ಹಂಚುವ ಹೊತ್ತಿಗೆ ಭಾಗ್ಯಮ್ಮನ ಬಾಗಿಲು ತೆರೆಯಿತು.

ಅವಳ ಕೈಯಲ್ಲಿ ಮೊರ ಇತ್ತು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಕುಪ್ಪಸದ ಕಣ. ಆ ಕಣ ನನಗೆ ಗುರುತು ಸಿಕ್ಕಿತು. ಹಿಂದೆ ವಾಪಸು ಬಂದಿತ್ತಲ್ಲ, ಅದೇ. ಪೆಟ್ಟಿಗೆಯಲ್ಲಿಟ್ಟು ಮಡಿಕೆಯ ಗುರುತು ಬಿದ್ದಿತ್ತು.

ಇವಳಿಗೆ ಬುದ್ಧಿ ಇಲ್ಲವೇ ಅಂತ ನನಗೆ ಸಿಟ್ಟು ಬಂತು. ಬಂದ ಗಂಡಾಂತರ ಕಳೆಯಿತು, ಸುಮ್ಮನಿರಬಾರದೇ? ಪುಟ್ಟತಾಯಮ್ಮ ಎಲ್ಲರೆದುರಿಗೆ ಬೇಡ ಅಂದರೆ, ಆಗ ಹುಡುಗನಿಗೂ ಗೊತ್ತು, ಊರಿಗೂ ಗೊತ್ತು. ಮೊರದ ಕಟ್ಟು ವಠಾರದ ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ಕೈಸನ್ನೆ ಮಾಡಿದೆ. ಭಾಗ್ಯಮ್ಮ ನನ್ನ ಕಡೆ ನೋಡಲೇ ಇಲ್ಲ. ಜಗಲಿಯ ಹತ್ತಿರ ಬಂದು ಮೊರ ಚಾಚಿ ನಿಂತಳು.

"ತಡ ಆಯ್ತು, ಪುಟ್ಟತಾಯಕ್ಕ," ಅಂದಳು.

ಪುಟ್ಟತಾಯಮ್ಮ ಮೊರ ನೋಡಿದಳು. ಕುಡುಗೋಲು ನೋಡಿದಳು. ಪಕ್ಕದಲ್ಲಿ ಹುಚ್ಚಣ್ಣ ಅವ್ವನ ಸೀರೆಯ ಚುಂಗು ಹಿಡಿದುಕೊಂಡು, ಬಾಯಿ ತುಂಬ ಪುರಿ ತುಂಬಿಕೊಂಡು ನಿಂತಿದ್ದ. ಯಾವ ಬಾಣಂತಿಯ ಮುಂದೂ ಅವಳು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಆಮೇಲೆ ಎರಡೂ ಕೈ ಒಡ್ಡಿ ಮೊರ ಈಸಿಕೊಂಡಳು. ತೊಡೆಯ ಮೇಲಿಟ್ಟುಕೊಂಡು ಒಂದು ಹಿಡಿ ಅಕ್ಕಿ ತೆಗೆದಳು.

"ಮಡಿಲು ಒಡ್ಡವ್ವ," ಅಂದಳು.

ಭಾಗ್ಯಮ್ಮ ಸೆರಗು ಹಿಡಿದಳು. ನಾನು ಅತ್ತೆ. ಮುಚ್ಚಿಡುವುದೇನು, ಬಿಕ್ಕಿ ಬಿಕ್ಕಿ ಅತ್ತೆ. ಹೊಗೆ ಕಣ್ಣಿಗೆ ಹೋಯಿತಾ ಅಂಬುಜಮ್ಮನೋರೇ, ಅಂತ ಮೇಷ್ಟ್ರು ಊದುಬತ್ತಿಯನ್ನು ದೂರ ಇಟ್ಟರು.

ಮಧ್ಯಾಹ್ನ ಹಬ್ಬದ ಎಡೆ ಮುಗಿದ ಮೇಲೆ ಭಾಗ್ಯಮ್ಮ ಸಣ್ಣ ಪಾತ್ರೆಯಲ್ಲಿ ಆ ಹಿಡಿ ಅಕ್ಕಿಯನ್ನು ಬೇರೆಯಾಗಿ ಬೇಯಿಸಿದಳು. ಹುಚ್ಚಣ್ಣ ನನಗೂ ಒಂದು ತುತ್ತು ಅಂತ ಕೇಳಿದ. ಇದು ನಿಂಗಲ್ಲ ಕಣೋ, ಹೆತ್ತೋರು ಉಣ್ಣೋದು, ಅಂತ ಹೇಳಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಷ್ಟನ್ನೂ ತಾನೇ ಉಂಡಳು.